ಮರಳಿ ಬರುವ ತೆರಿಗೆಯ ಬಡ್ಡಿ

ಭಾರತದ ವರಮಾನ ತೆರಿಗೆಯ ಕಟ್ಟಳೆಗಳಲ್ಲಿ ಗೃಹಸ್ಥರ ಗಮನಕ್ಕೆ ಅಷ್ಟಾಗಿ ಬಾರದ, ಆದರೆ ತಿದ್ದುಪಡಿಗೆ ಅರ್ಹವಾದ ವಿಷಯವೊಂದುಂಟು. ಹೆಚ್ಚಾಗಿ ಸಂದ ತೆರಿಗೆಯನ್ನು ಸರ್ಕಾರವು ಹಿಂದಿರುಗಿಸುವಾಗ ಅದರೊಡನೆ ಬಡ್ಡಿಯನ್ನೂ ಕೊಡುತ್ತದೆ. ಆ ಬಡ್ಡಿಯ ಮೇಲೆ ಪುನಃ ತೆರಿಗೆಯನ್ನು ವಿಧಿಸುತ್ತದೆ. ಇದು ನ್ಯಾಯವೇ ಎಂಬುದನ್ನು ವಾಚಕರೊಡನೆ ವಿಚಾರಿಸಬಯಸುತ್ತೇವೆ.

ಮೊದಲು ಈಗಿನ ಕ್ರಮವನ್ನು ನೋಡೋಣ. ವೃದ್ಧರೊಬ್ಬರ ಠೇವಣಿಯ ಬಡ್ಡಿಯಿಂದ ಬ್ಯಾಂಕಿನವರು ತೆರಿಗೆಯನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಿದರೆಂದು ಭಾವಿಸಿರಿ. ವರ್ಷಾಂತ್ಯದ ಲೆಕ್ಕದಲ್ಲಿ 20,000 ರೂಪಾಯಿ ಹೆಚ್ಚಾಗಿ ಸಂದಿರುವುದು ತಿಳಿಯುತ್ತದೆ. ಅವರು ಗಡುವಿನೊಳಗೆ ರಿಟರ್ನು ಸಲ್ಲಿಸಿದ್ದರೆ, ಏಪ್ರಿಲ್ 1ರಿಂದ ಮೊದಲುಗೊಂಡು ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿಯಂತೆ ಬಡ್ಡಿ ಸಲ್ಲುತ್ತದೆ. ಒಂಬತ್ತು ತಿಂಗಳಿಗೆ 900 ರೂಪಾಯಿ. ಮರಳುವ ಮೊತ್ತವು ಆ ವರ್ಷದ ತೆರಿಗೆಯ ನೂರಕ್ಕೆ 10ಕ್ಕಿಂತ ಕಡಿಮೆಯಿದ್ದರೆ ಬಡ್ಡಿಯೇ ಇಲ್ಲ.

ಹಿಂದಿರುಗಿದ ಅಸಲು ಅವರದೇ ಹಣ, ಅದಕ್ಕೆ ತೆರಿಗೆಯಿಲ್ಲ. ಬಡ್ಡಿಯಾದರೋ ಇತರ ಮೂಲಗಳ ವರಮಾನವೆಂದು ಗಣಿತವಾಗುತ್ತದೆ. ನೂರಕ್ಕೆ 20ರ ದರಕ್ಕೆ ಒಳಪಟ್ಟವರು ಸೆಸ್ಸು ಸೇರಿ ಸುಮಾರು 187 ರೂಪಾಯಿ ತೆರಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಹಿರಿಯರ ಠೇವಣಿ ಬಡ್ಡಿಗಿರುವ ರಿಯಾಯಿತಿಯೂ ಇದಕ್ಕೆ ಅನ್ವಯಿಸದು.

ಇನ್ನು ಮತ್ತೊಂದು ಪಕ್ಷವನ್ನು ಪರಿಶೀಲಿಸೋಣ. ಗೃಹಸ್ಥನು 20,000 ರೂಪಾಯಿ ಮುಂಗಡ ತೆರಿಗೆಯನ್ನು ಬಾಕಿಯಿರಿಸಿಕೊಂಡರೆ, ಅವನು ತೆರಬೇಕಾದ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಒಂಬತ್ತು ತಿಂಗಳಿಗೆ 1,800. ಈ ಬಡ್ಡಿಯನ್ನು ವರಮಾನದಿಂದ ಕಳೆಯುವಂತಿಲ್ಲ. ವ್ಯಾಪಾರದ ಖರ್ಚೆಂದು ಸಹ ತೋರಿಸಕೂಡದೆಂದು ಸುಪ್ರೀಂ ಕೋರ್ಟು 1998ರಲ್ಲಿ ನಿರ್ಣಯಿಸಿತು. ಈ ಎರಡು ದರಗಳೂ 2003ರಿಂದ ಬಂದಂಥವು; 2025ರ ಹೊಸ ಕಾಯಿದೆಯೂ ಅವುಗಳನ್ನು ಉಳಿಸಿಕೊಂಡಿದೆ. ಕೊಡುವುದಕ್ಕೊಂದು ಕೊಳಗ, ಕೊಳ್ಳುವುದಕ್ಕೊಂದು ಕೊಳಗ ಎಂದರೆ ಇದೇ ಅಲ್ಲವೇ?

ಪರದೇಶಗಳಲ್ಲಿಯೂ ಈ ಪ್ರಶ್ನೆ ಎದ್ದಿದೆ. ಬ್ರಿಟನ್ನಿನಲ್ಲಿ ವ್ಯಕ್ತಿಗಳು ಪಡೆಯುವ ಇಂತಹ ಬಡ್ಡಿಗೆ ವರಮಾನ ತೆರಿಗೆಯಿಲ್ಲ. ಜರ್ಮನಿಯಲ್ಲಿ, ಪ್ರಜೆಯು ತೆತ್ತ ಬಡ್ಡಿಯನ್ನು ಕಳೆಯಗೊಡದಿರುವಾಗ ಅವನು ಪಡೆದ ಬಡ್ಡಿಗೂ ತೆರಿಗೆ ಸಲ್ಲದೆಂದು ಅಲ್ಲಿನ ಪರಮೋಚ್ಚ ತೆರಿಗೆ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿತು. ಆದರೆ ಅದೇ ವರ್ಷ ಶಾಸನಸಭೆಯು ಕಾನೂನನ್ನು ತಿದ್ದಿ ತೆರಿಗೆಯನ್ನು ಪುನಃ ಸ್ಥಾಪಿಸಿತು.

ವಿನಾಯಿತಿ ಕೊಟ್ಟರೆ ಹಣವಂತರು ಬೇಕೆಂದೇ ಹೆಚ್ಚು ತೆರಿಗೆ ಕಟ್ಟಿ, ಬಡ್ಡಿಯಾಸೆಯಿಂದ ಸರ್ಕಾರವನ್ನೇ ಬ್ಯಾಂಕನ್ನಾಗಿ ಮಾಡಿಕೊಂಡಾರೆಂಬ ಆಕ್ಷೇಪವುಂಟು. ಇದು ತಳ್ಳಿಹಾಕತಕ್ಕ ಮಾತಲ್ಲ. ಆದರೆ ಮೂಲದಲ್ಲಿಯೇ ತೆರಿಗೆ ಮುರಿಯಲ್ಪಟ್ಟ ಪಿಂಚಣಿದಾರನು ಆ ಹಣವನ್ನು ತಾನಾಗಿ ಅಲ್ಲಿರಿಸಿದವನಲ್ಲ. ಅವನಿಗೆ ದೊರೆಯುವ ಬಡ್ಡಿ ಲಾಭವಲ್ಲ, ಕಾದುದಕ್ಕೆ ಪರಿಹಾರ. ಆದುದರಿಂದ ಎರಡು ಬದಲಾವಣೆಗಳನ್ನು ಸೂಚಿಸುತ್ತೇವೆ: ಮೂಲದಲ್ಲಿ ಮುರಿದ ತೆರಿಗೆ ಮರಳುವಾಗ ಬರುವ ಬಡ್ಡಿಗೆ ಒಂದು ಮಿತಿಯವರೆಗೆ ವಿನಾಯಿತಿಯಿರಲಿ; ಉಳಿದವರಿಗೆ, ತೆತ್ತ ಬಡ್ಡಿಯನ್ನು ಪಡೆದ ಬಡ್ಡಿಯಲ್ಲಿ ವಜಾ ಮಾಡಿ ಮಿಕ್ಕುದಕ್ಕೆ ಮಾತ್ರ ತೆರಿಗೆಯಿರಲಿ.

ಕಾನೂನು ಬದಲಾಗುವವರೆಗೆ ಗೃಹಸ್ಥರು ಎಚ್ಚರದಿಂದಿರುವುದು ಲೇಸು. ಬ್ಯಾಂಕಿಗೆ ಜಮೆಯಾದ ಮೊತ್ತದಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು ಎಂಬುದನ್ನು ತೆರಿಗೆ ಇಲಾಖೆಯ ಆದೇಶಪತ್ರದಲ್ಲಿಯೂ ವಾರ್ಷಿಕ ಮಾಹಿತಿ ಪತ್ರದಲ್ಲಿಯೂ ನೋಡಿಕೊಂಡು, ಬಡ್ಡಿಯನ್ನು ಅದು ಕೈಸೇರಿದ ವರ್ಷದ ವರಮಾನದಲ್ಲಿ ತೋರಿಸತಕ್ಕದ್ದು. ಮೊತ್ತವು ಅಲ್ಪವೆಂದು ಬಿಟ್ಟರೆ ಮುಂದೆ ನೋಟೀಸು ಬಂದೀತು. ಪ್ರಜೆಯಿಂದ ಇಷ್ಟು ಕರಾರುವಾಕ್ಕಾದ ಲೆಕ್ಕವನ್ನು ಅಪೇಕ್ಷಿಸುವ ಸರ್ಕಾರವು ತಾನೂ ಸಮನಾದ ಅಳತೆಯನ್ನು ಹಿಡಿಯಬೇಕೆಂಬುದಷ್ಟೇ ನಮ್ಮ ವಿನಂತಿ.