ತೆರಪೂ ಒಂದು ಅಕ್ಷರ

ಬರಹದಲ್ಲಿ ಅಕ್ಷರಕ್ಕಿರುವಷ್ಟೇ ಬೆಲೆ ಅಕ್ಷರಗಳ ನಡುವಣ ತೆರಪಿಗೂ ಉಂಟು. ನಮ್ಮ ಪೂರ್ವಿಕರು ತಾಳೆಗರಿಯ ಮೇಲೆ ಕಂಟದಿಂದ ಬರೆಯುವಾಗ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುತ್ತಿರಲಿಲ್ಲ. ಬಿಡಿಸಿ ಓದುವ ಹೊಣೆ ಓದುಗನದು. ಅಚ್ಚುಮೊಳೆಗಳು ಬಂದ ಮೇಲೆ ತೆರಪು ಕೈಗೆ ಸಿಗುವ ವಸ್ತುವಾಯಿತು. ಮಂಗಳೂರಿನಲ್ಲಿ 1841ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂತು. ಅಂತಹ ಗ್ರಂಥದ ಒಂದೊಂದು ತೆರಪೂ ಮೊಳೆಗಿಂತ ಗಿಡ್ಡದಾದ, ಮಸಿ ತಾಗದ ಲೋಹದ ತುಂಡು.

ಗಣಕಯಂತ್ರದಲ್ಲಿಯೂ ತೆರಪು ಶೂನ್ಯವಲ್ಲ. ಪ್ರತಿ ಅಕ್ಷರಕ್ಕೂ ಅಲ್ಲಿ ಒಂದು ಸಂಖ್ಯೆ ಇರುವಂತೆ ತೆರಪಿಗೂ 32 ಎಂಬ ಸಂಖ್ಯೆಯಿದೆ. 'ಕಂಕನಾಡಿ' ಎಂಬ ಹೆಸರು ಯಂತ್ರಕ್ಕೆ 7 ಸಂಕೇತಗಳ ಸಾಲು. ಕೊನೆಯಲ್ಲೊಂದು ತೆರಪು ಅಂಟಿದರೆ ಅದು 8 ಸಂಕೇತಗಳ ಬೇರೆ ಊರು! ಮೊದಲಲ್ಲಿ ಅಂಟಿದರೆ, ಸಂಖ್ಯಾಕ್ರಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ ಆ ಹೆಸರು 'ಅ'ಕಾರಕ್ಕಿಂತಲೂ ಮೇಲಕ್ಕೆ ಹೋಗಿ ಕುಳಿತುಕೊಳ್ಳುತ್ತದೆ.

ಈ ತೆರಪುಗಳು ಎಲ್ಲಿಂದ ಬರುತ್ತವೆ? ಬೆರಳಚ್ಚಿನ ಅಜಾಗರೂಕತೆ ಒಂದು ಕಾರಣ. ಇನ್ನೊಂದು, ಹೆಸರಿಗೆಂದು 20 ಸ್ಥಾನಗಳನ್ನು ಕಟ್ಟಿಟ್ಟಿರುವ ಕಡತಗಳು. ಅಲ್ಲಿ 7 ಸಂಕೇತಗಳ ಹೆಸರಿನ ಬೆನ್ನಿಗೆ 13 ತೆರಪುಗಳನ್ನು ಯಂತ್ರವೇ ತುಂಬುತ್ತದೆ. ಆ ಮಾಹಿತಿಯನ್ನು ಅಲ್ಪವಿರಾಮಗಳಿಂದ ಅಂಕಣ ಬೇರ್ಪಡಿಸುವ 'ಸಿ.ಎಸ್.ವಿ.' ಎಂಬ ಪಠ್ಯಕಡತಕ್ಕೆ ಇಳಿಸಿದಾಗ ತೆರಪುಗಳೂ ಜೊತೆಗೆ ಬರುತ್ತವೆ. 2005ರಲ್ಲಿ ಪ್ರಕಟವಾದ ಆರ್.ಎಫ್.ಸಿ. 4180 ಎಂಬ ವಿವರಣೆಯ ಪ್ರಕಾರ ಅಂಕಣದೊಳಗಿನ ತೆರಪು ಅಂಕಣದ್ದೇ ಭಾಗ, ಅದನ್ನು ಕಡೆಗಣಿಸಕೂಡದು.

ಇದೇನು ಮಹಾ ಸಂಗತಿ ಎಂದು ಮಿತ್ರರು ನಗಬಹುದು. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಎರಡು ವರ್ಷದ ಹಿಂದೆ ಒಂದು ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ನನ್ನ ಹೆಸರು 'ತಾಳೆಯಾಗಿಲ್ಲ' ಎಂದಿತ್ತು. ಅಂಕಪಟ್ಟಿಯಲ್ಲಿಯೂ ಬ್ಯಾಂಕಿನ ಪುಸ್ತಕದಲ್ಲಿಯೂ ಅಕ್ಷರಕ್ಕೆ ಅಕ್ಷರ ಸರಿಯಿತ್ತು. ತಂದೆಯವರು ಎರಡು ದಿನದ ಕೂಲಿ ಬಿಟ್ಟು ಅಲೆದರು. ಕೊನೆಗೆ ಗುಮಾಸ್ತರೊಬ್ಬರು ಹೆಸರಿನ ತುದಿಯಲ್ಲಿ ಬೆರಳಚ್ಚಿನವರು ಬಿಟ್ಟಿದ್ದ ತೆರಪನ್ನು ಕಂಡುಹಿಡಿದರು. ಕಣ್ಣಿಗೆ ಕಾಣದ್ದಕ್ಕೂ ಕೂಲಿ ಕಳೆಯುವ ಶಕ್ತಿಯುಂಟೆಂದು ಅಂದು ತಿಳಿಯಿತು.

ಪರಿಹಾರ ಸುಲಭ. ಎಕ್ಸೆಲ್‌ನಲ್ಲಿ 'ಟ್ರಿಮ್' ಎಂಬ ಸೂತ್ರವು ಮೊದಲ ಮತ್ತು ಕೊನೆಯ ತೆರಪುಗಳನ್ನು ಕಳೆದು, ನಡುವಿನ ಹಲವನ್ನು ಒಂದಕ್ಕಿಳಿಸುತ್ತದೆ. ಆದರೆ ಜಾಲಪುಟದಿಂದ ಎತ್ತಿದ ಮಾಹಿತಿಯಲ್ಲಿ 160 ಎಂಬ ಸಂಖ್ಯೆಯ 'ಮುರಿಯದ ತೆರಪು' ಅಡಗಿರುವುದುಂಟು. ಅದು ಟ್ರಿಮ್‌ಗೆ ಬಗ್ಗದು. 'ಸಬ್‌ಸ್ಟಿಟ್ಯೂಟ್' ಸೂತ್ರದಿಂದ ಮೊದಲು ಅದನ್ನು ಸಾಧಾರಣ ತೆರಪಾಗಿಸಿ, ಅನಂತರ ಟ್ರಿಮ್ ಮಾಡಬೇಕು. ಅಂಕಣಗಳನ್ನು ಅಲ್ಪವಿರಾಮದಿಂದ ಕೂಡಿಸುವ ಮುನ್ನವೇ ಒಂದೊಂದನ್ನೂ ಶುಚಿಗೊಳಿಸುವುದು ಕ್ರಮ.

ಹಾಗೆಂದು ತೆರಪನ್ನೆಲ್ಲ ಅಳಿಸಿಬಿಡುವುದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ. 'ಕಂಕನಾಡಿ ಮಾರುಕಟ್ಟೆ ರಸ್ತೆ' ಆಗ 'ಕಂಕನಾಡಿಮಾರುಕಟ್ಟೆರಸ್ತೆ'ಯಾಗಿ ತಾಳೆಗರಿಯ ಕಾಲಕ್ಕೆ ಮರಳುತ್ತದೆ. ಕನ್ನಡಕ್ಕಂತೂ ಇನ್ನೊಂದು ಎಚ್ಚರ ಅಗತ್ಯ. 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಮತ್ತು 'ಕು' ಒತ್ತಾಗಿ ಕೂಡದಂತೆ ತಡೆಯುವ, ಅಗಲವೇ ಇಲ್ಲದ ಅದೃಶ್ಯ ಚಿಹ್ನೆಯೊಂದು ನಡುವೆ ಇರುತ್ತದೆ. ಕಾಣದ ಚಿಹ್ನೆಗಳೆಲ್ಲ ಕಸವೆಂದು ಗುಡಿಸಿದರೆ ಅದು 'ರಾಜ್ಕುಮಾರ್' ಆಗಿಬಿಡುತ್ತದೆ. ಇನ್ನು 'ಕೆ. ವಿ. ರಾವ್' ಮತ್ತು 'ಕೆ.ವಿ. ರಾವ್' ಒಂದೇ ಎಂದು ಯಾವ ಟ್ರಿಮ್ ಸೂತ್ರವೂ ಹೇಳಲಾರದು. ಇನಿಷಿಯಲ್‌ಗಳನ್ನು ಬರೆಯುವ ನಿಯಮವನ್ನು ನಾವೇ ಗೊತ್ತುಮಾಡಿ, ಎಲ್ಲ ಕಡೆಯೂ ಅದನ್ನೇ ಪಾಲಿಸಬೇಕು.

ಆದುದರಿಂದ ಮೂಲ ಪ್ರತಿಯನ್ನು ಬೇರೆಯಾಗಿ ಕಾಪಾಡಿ, ಸಾಲುಗಳನ್ನು ಮೊದಲೂ ಕೊನೆಗೂ ಎಣಿಸಿ, ಅನಂತರವೇ ಕಡತವನ್ನು ಕಳುಹಿಸುವುದು ಲೇಸು. ನಮ್ಮಲ್ಲಿ ಅನೇಕರು ನಾಳೆ ಕಚೇರಿಗಳ ಮೇಜಿನ ಆಚೆ ಬದಿಯಲ್ಲಿ ಕುಳಿತುಕೊಳ್ಳುವವರು. ನಮ್ಮ ಕೈಯಲ್ಲಿರುವ ಪಟ್ಟಿಯ ಒಂದೊಂದು ಸಾಲಿನ ಹಿಂದೆ ಒಂದೊಂದು ಮನೆಯಿದೆಯೆಂಬುದನ್ನು ನೆನೆದರೆ, ಆ ಸೂಕ್ಷ್ಮ ತೆರಪೂ ನಮ್ಮ ಕಣ್ಣಿಗೆ ಬೀಳದೆ ಇರಲಾರದು.