ಮುಂದಿನ ಬ್ರೇಕು ಮತ್ತು ಹನ್ನೊಂದು ಮೀಟರ್ ಗೆರೆ

ಪ್ರೌಢಶಾಲೆಯಲ್ಲಿ ಹದಿನೆಂಟು ವರ್ಷ ಘರ್ಷಣೆಯ ಪಾಠ ಮಾಡಿದ ಮೇಲೆ ನಾನು ಮೋಟಾರ್‌ಸೈಕಲ್ ಕಲಿತೆ. ಕಲಿಸಿದ ಗೆಳೆಯರು ಮೊದಲ ದಿನವೇ ಎಚ್ಚರಿಸಿದ್ದರು: "ಮುಂದಿನ ಬ್ರೇಕ್ ಮುಟ್ಟಬೇಡಿ ಮೇಷ್ಟ್ರೇ, ಪಲ್ಟಿ ಹೊಡೀತೀರಿ." ನಮ್ಮ ಕಡೆ ಬೈಕ್ ಕಲಿಯುವ ಬಹುತೇಕರು ಕೇಳುವ ಮಾತಿದು. ನಾನೂ ಪ್ರಶ್ನಿಸದೆ ಒಪ್ಪಿಕೊಂಡೆ.

ಮೂರನೆಯ ತಿಂಗಳು. ಸಂಜೆ ಶಾಲೆಯಿಂದ ಮನೆಗೆ ಹೊರಟಿದ್ದೆ. ನೇರವಾದ, ಒಣಗಿದ ಡಾಂಬರು ರಸ್ತೆ. ವೇಗ ಗಂಟೆಗೆ ಸುಮಾರು 45 ಕಿ.ಮೀ. ಎಡಗಡೆಯ ಹೊಲದ ದಾರಿಯಿಂದ ಟ್ರೈಲರ್ ಎಳೆದುಕೊಂಡು ಟ್ರ್ಯಾಕ್ಟರೊಂದು ರಸ್ತೆಗೆ ಬಂತು. ನಾನು ಬಲಗಾಲಿನಿಂದ ಹಿಂದಿನ ಬ್ರೇಕನ್ನು ಶಕ್ತಿಯಿದ್ದಷ್ಟೂ ತುಳಿದೆ. ಚಕ್ರ ನಿಂತಿತು, ಬೈಕು ನಿಲ್ಲಲಿಲ್ಲ. ಹಿಂಭಾಗ ಪಕ್ಕಕ್ಕೆ ಜಾರುತ್ತ ಹೋಗಿ, ಟ್ರೈಲರಿನ ಚಕ್ರಕ್ಕೆ ಅಡ್ಡಡ್ಡವಾಗಿ ಬಡಿಯಿತು. ಬಲಗಡೆಯ ಕೊರಳೆಲುಬು ಮುರಿಯಿತು. ಹೆಲ್ಮೆಟ್ಟಿನ ಒಂದು ಪಕ್ಕ ಪೂರ್ತಿ ತರಚಿಹೋಗಿತ್ತು. ಅದಿಲ್ಲದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ವಾರದ ನಂತರ, ಕೈಯನ್ನು ಕೊರಳಿಗೆ ಕಟ್ಟಿಕೊಂಡೇ, ಸಹೋದ್ಯೋಗಿಯೊಬ್ಬರೊಡನೆ ಅಳತೆಪಟ್ಟಿ ಹಿಡಿದು ಆ ಜಾಗಕ್ಕೆ ಹೋದೆ. ಟೈರು ಉಜ್ಜಿದ ಕಪ್ಪು ಗೆರೆ ಇನ್ನೂ ಇತ್ತು. ಉದ್ದ 11 ಮೀಟರ್.

ಈ ಗೆರೆಯಿಂದ ಏನು ತಿಳಿಯುತ್ತದೆ? ಲೆಕ್ಕಕ್ಕೆ ಕೆಲವು ಅಂದಾಜು ಬೇಕು. ಬೈಕು ಮತ್ತು ಸವಾರ ಸೇರಿ 200 ಕಿ.ಗ್ರಾಂ. ಎನ್ನೋಣ; ನಿಂತಾಗ ಎರಡು ಚಕ್ರಗಳ ಮೇಲೂ ನೂರು ನೂರು. ಚಕ್ರಗಳ ಅಚ್ಚುಗಳ ನಡುವಿನ ಅಂತರ 1.3 ಮೀಟರ್, ಗುರುತ್ವ ಕೇಂದ್ರದ ಎತ್ತರ ಅದರ ಅರ್ಧ, ಅಂದರೆ 0.65 ಮೀಟರ್. ಟೈರಿಗೂ ರಸ್ತೆಗೂ ನಡುವಿನ ಘರ್ಷಣಾಂಕ 0.7.

ಬ್ರೇಕ್ ಹಾಕಿದಾಗ ರಸ್ತೆ ವಾಹನವನ್ನು ಹಿಂದಕ್ಕೆ ತಳ್ಳುವುದು ನೆಲಮಟ್ಟದಲ್ಲಿ. ಗುರುತ್ವ ಕೇಂದ್ರವಿರುವುದು ಮೇಲೆ. ಹೀಗಾಗಿ ವಾಹನ ಮುಂದಕ್ಕೆ ಬಾಗಲೆತ್ನಿಸುತ್ತದೆ, ಮುಂದಿನ ಚಕ್ರದ ಮೇಲಿನ ಭಾರ ಹೆಚ್ಚುತ್ತದೆ, ಹಿಂದಿನದು ಹಗುರಾಗುತ್ತದೆ. ಬಸ್ಸಿನ ಬ್ರೇಕಿಗೆ ನಿಂತ ಪ್ರಯಾಣಿಕರು ಮುಂದಕ್ಕೆ ವಾಲುವುದಿಲ್ಲವೇ, ಹಾಗೆ. ಘರ್ಷಣೆಯ ಬಲ ಒತ್ತುವ ಭಾರಕ್ಕೆ ಅನುಪಾತದಲ್ಲಿರುವುದರಿಂದ, ಹಿಂದಿನ ಬ್ರೇಕು ತನಗೆ ಬೇಕಾದ ಭಾರವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ!

ಹಿಂದಿನ ಬ್ರೇಕು ಮಾತ್ರ ಹಾಕಿದರೆ ಹಿಂದಿನ ಚಕ್ರದ ಮೇಲೆ ಉಳಿಯುವುದು 74 ಕಿ.ಗ್ರಾಂ. ಭಾರ. ಅದರ 0.7 ಪಟ್ಟು 52. ಒಟ್ಟು 200ಕ್ಕೆ ಭಾಗಿಸಿದರೆ, ವೇಗ ಕುಗ್ಗುವ ದರ ಗುರುತ್ವ ವೇಗೋತ್ಕರ್ಷದ 0.26 ಪಾಲು, ಅಂದರೆ ಸೆಕೆಂಡಿಗೆ ಸೆಕೆಂಡಿಗೆ 2.5 ಮೀಟರ್. ಗಂಟೆಗೆ 45 ಕಿ.ಮೀ. ಎಂದರೆ ಸೆಕೆಂಡಿಗೆ 12.5 ಮೀಟರ್. ವರ್ಗ ಮಾಡಿದರೆ 156. ಅದರಿಂದ ಎರಡು ಗುಣಿಸು 2.5 ಗುಣಿಸು 11, ಅಂದರೆ 55ನ್ನು ಕಳೆದರೆ 101. ವರ್ಗಮೂಲ ಸುಮಾರು 10. ಗಂಟೆಗೆ 36 ಕಿ.ಮೀ. ಹನ್ನೊಂದು ಮೀಟರ್ ರಬ್ಬರು ಸವೆಸಿ ನಾನು ಕಳೆದುಕೊಂಡ ವೇಗ ಒಂಬತ್ತೇ ಕಿಲೋಮೀಟರ್.

ಎರಡೂ ಬ್ರೇಕುಗಳನ್ನು ಸರಿಯಾಗಿ ಬಳಸಿದ್ದರೆ? ಅದೇ ರಸ್ತೆಯಲ್ಲಿ ಆ ದರ 0.7 ಪಾಲಿನವರೆಗೆ ಏರಬಲ್ಲದು. ಆಗ ಮುಂದಿನ ಚಕ್ರದ ಮೇಲೆ 170, ಹಿಂದಿನದರ ಮೇಲೆ 30 ಕಿ.ಗ್ರಾಂ. ಅದೇ 11 ಮೀಟರಿನ ಕೊನೆಯಲ್ಲಿ ಉಳಿಯುವ ವೇಗ ಗಂಟೆಗೆ ಸುಮಾರು 8 ಕಿ.ಮೀ., ನಿಧಾನವಾದ ಓಟದಷ್ಟು. ಚಲನಶಕ್ತಿ ಇಪ್ಪತ್ತರಲ್ಲಿ ಒಂದು ಪಾಲು. ಹೊಸ ಸವಾರನಿಗೆ ಇಷ್ಟು ಚೆನ್ನಾಗಿ ಬ್ರೇಕ್ ಹಾಕಲು ಬರುವುದಿಲ್ಲ, ನಿಜ. ಅರ್ಧದಷ್ಟು ಬಂದಿದ್ದರೂ ನನ್ನ ಮೂಳೆ ಉಳಿಯುತ್ತಿತ್ತೇನೋ.

ಇದು ನನ್ನೊಬ್ಬನ ತಪ್ಪಲ್ಲ ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹ್ಯಾರಿ ಹರ್ಟ್ ಮತ್ತು ಸಂಗಡಿಗರು 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಜಾರುವುದು, ಮುಂದಿನದನ್ನು ಸಾಕಷ್ಟು ಬಳಸದಿರುವುದು ಅವರಿಗೆ ಮತ್ತೆ ಮತ್ತೆ ಕಂಡ ದೋಷ. ಅಪಘಾತಕ್ಕೀಡಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ನಿರ್ದಿಷ್ಟ ಬೈಕಿನಲ್ಲಿದ್ದ ಅನುಭವ ಐದು ತಿಂಗಳಿಗಿಂತ ಕಡಿಮೆ.

ಹಾಗಾದರೆ ಗೆಳೆಯರ ಮಾತು ಪೂರಾ ಸುಳ್ಳೇ? ಅಲ್ಲ. ಮುಂದಿನ ಬ್ರೇಕನ್ನು ಫಕ್ಕನೆ ಹಿಡಿದರೆ, ಭಾರ ಮುಂದಕ್ಕೆ ಬರುವ ಮೊದಲೇ, ಅಂದರೆ ಚಕ್ರದ ಮೇಲೆ ಇನ್ನೂ ನೂರು ಕಿ.ಗ್ರಾಂ. ಇರುವಾಗಲೇ, ಅದು ತಿರುಗುವುದು ನಿಂತುಬಿಡಬಹುದು. ಜಾರುವ ಚಕ್ರಕ್ಕೆ ದಿಕ್ಕು ಹಿಡಿಯುವ ಶಕ್ತಿಯಿಲ್ಲ. ಹಿಂದಿನದು ಜಾರಿದರೆ ಬಾಲ ಅಲ್ಲಾಡೀತು. ಮುಂದಿನದು ಜಾರಿದರೆ ಸವಾರ ಕ್ಷಣದಲ್ಲಿ ನೆಲದ ಮೇಲೆ. ಮರಳು, ಸಗಣಿ, ಮೊದಲ ಮಳೆಯ ಜಿಡ್ಡು ಇರುವಲ್ಲಿ ಮತ್ತು ತಿರುವಿನಲ್ಲಿ ಈ ಅಪಾಯ ಹೆಚ್ಚು. ತಿರುವಿನಲ್ಲಿ ಟೈರು ತನ್ನ ಘರ್ಷಣೆಯ ಒಂದು ಪಾಲನ್ನು ಆಗಲೇ ತಿರುಗುವುದಕ್ಕೆ ಖರ್ಚು ಮಾಡಿರುತ್ತದೆ. ಆದ್ದರಿಂದ ಮುಂದಿನ ಬ್ರೇಕನ್ನು ನಿಂಬೆಹಣ್ಣು ಹಿಂಡಿದಂತೆ, ಮೊದಲು ಹಗುರವಾಗಿ, ಭಾರ ಬಂದಂತೆ ಬಿಗಿಯಾಗಿ ಹಿಡಿಯಬೇಕು.

ಚಕ್ರ ನಿಲ್ಲುವ ಸೂಚನೆ ಕಂಡೊಡನೆ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುವ ಕೆಲಸವನ್ನು ಎ.ಬಿ.ಎಸ್. ಸೆಕೆಂಡಿಗೆ ಹಲವು ಬಾರಿ ಮಾಡುತ್ತದೆ. 2019ರ ಏಪ್ರಿಲ್‌ನಲ್ಲಿ ಭಾರತದಲ್ಲಿ 125 ಸಿ.ಸಿ.ಗೆ ಮೀರಿದ ಹೊಸ ದ್ವಿಚಕ್ರ ವಾಹನಗಳಿಗೆಲ್ಲ ಇದು ಕಡ್ಡಾಯವಾಯಿತು. ನನ್ನದು ಅದಕ್ಕೂ ಹಿಂದಿನ, ಒಬ್ಬರು ಓಡಿಸಿ ಮಾರಿದ ಬೈಕು.

ಮೂಳೆ ಕೂಡಿದ ಮೇಲೆ ಭಾನುವಾರಗಳ ಬೆಳಿಗ್ಗೆ, ಜನರಿಲ್ಲದ ಡಾಂಬರು ಅಂಗಳವೊಂದರಲ್ಲಿ 20 ಕಿ.ಮೀ. ವೇಗದಿಂದ ಆರಂಭಿಸಿ ಅಭ್ಯಾಸ ಮಾಡಿದೆ. ಸುಣ್ಣದ ಗೆರೆ ಎಳೆದು, ನಿಂತ ದೂರ ಅಳೆದು ಬರೆದಿಟ್ಟೆ. ಶಿಕ್ಷಕರು ಇದನ್ನು ವಿದ್ಯಾರ್ಥಿಗಳಿಂದ ಮಾಡಿಸಬಾರದು. ಅವರಿಗೆ ಲೆಕ್ಕವಷ್ಟೇ ಸಾಕು. ನನ್ನ ತರಗತಿಗೆ ಕೊಟ್ಟ ಲೆಕ್ಕ ಇದು: 60 ಕಿ.ಗ್ರಾಂ. ತೂಕದವರೊಬ್ಬರು ಹಿಂದೆ ಕುಳಿತು, ಆ ಭಾರವೆಲ್ಲ ಹಿಂದಿನ ಚಕ್ರದ ಮೇಲೇ ಬಿದ್ದರೆ, ಗುರುತ್ವ ಕೇಂದ್ರದ ಎತ್ತರ ಬದಲಾಗದಿದ್ದರೆ, ಹಿಂದಿನ ಬ್ರೇಕಿನಿಂದ ಸಿಗುವ 0.26 ಎಷ್ಟಾಗುತ್ತದೆ? ಹೆಚ್ಚಿನವರು 0.4 ದಾಟಬಹುದೆಂದು ಊಹಿಸಿದರು. ಬರುವ ಉತ್ತರ 0.32.