ಚಿತ್ರೋತ್ಸವದ ಕೊನೆಯ ಎರಡು ದಿನ

2025ರ ಮಾರ್ಚ್ 5ರಂದು ಬೂದಿ ಬುಧವಾರ. ಹಣೆಯ ಬೂದಿ ಒರೆಸಿ ಎರಡು ದಿನ ಕಳೆಯುವಷ್ಟರಲ್ಲಿ ನಾನು ಸಿನಿಮಾ ನೋಡಲು ಸರದಿಯಲ್ಲಿ ನಿಂತಿದ್ದೆ ಎಂದರೆ ಕೆಲವು ಓದುಗರು ಹುಬ್ಬೇರಿಸಬಹುದು. ನನಗೂ ಒಳಗೊಳಗೇ ಅಳುಕಿತ್ತು.

ಮಗಳು ಬೆಂಗಳೂರಿನಲ್ಲಿ ನರ್ಸ್. ಜತ್ತ ತಾಲ್ಲೂಕಿನ ನಮ್ಮ ಹಳ್ಳಿಯಿಂದ ನಾನು ಕಣ್ಣಿನ ತಪಾಸಣೆಗೆಂದು ಅವಳ ಮನೆಗೆ ಹೋಗಿದ್ದೆ. ಅದೇ ವಾರ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತಿತ್ತು. ಮಾರ್ಚ್ 1ರಿಂದ 8ರವರೆಗೆ, ಅದು 16ನೆಯ ಉತ್ಸವ. ಮಗಳು ಪಾಸು ಮಾಡಿಸಿಟ್ಟಿದ್ದಳು.

"ಅಪ್ಪಾ, ತಪಸ್ಸುಕಾಲದಾಗ ಸಿನಿಮಾ ನೋಡಾಕ ಬರ್ತೀರೇನು?" ಎಂದು ಕೇಳಿದಳು.

"ಶುಕ್ರವಾರ ಶಿಲುಬೆಯ ಹಾದಿ ತಪ್ಪಬಾರದು ನೋಡವ್ವಾ" ಎಂದೆ. ಸಂಜೆ ಅದಕ್ಕೆ ಹೋಗುವುದು, ಹಗಲು ಚಿತ್ರೋತ್ಸವಕ್ಕೆ ಹೋಗುವುದು ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು.

ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ ಹತ್ತಕ್ಕೂ ಹೆಚ್ಚು ಪರದೆಗಳು, ಹತ್ತಾರು ದೇಶಗಳ ಚಿತ್ರಗಳು. ನಾನು ಅಷ್ಟು ದೊಡ್ಡ ಕಟ್ಟಡದಲ್ಲಿ ಜನರನ್ನು ನೋಡುವುದರಲ್ಲೇ ಅರ್ಧ ಗಂಟೆ ಕಳೆದೆ. ಕೈಚೀಲ ತಗಲಿಸಿಕೊಂಡ ನಿವೃತ್ತರು, ಕಾಲೇಜು ಹುಡುಗರು, ವೇಳಾಪಟ್ಟಿಯ ಹಾಳೆಗೆ ಕೆಂಪು ಗೆರೆ ಎಳೆಯುತ್ತಾ ಓಡುವ ಹೆಂಗಸರು. ಕೊನೆಯ ಎರಡು ದಿನವಾದ್ದರಿಂದ ಎಲ್ಲರಿಗೂ ಅವಸರ. 'ಅದು ತಪ್ಪಿತು, ಇದು ಸಿಕ್ಕಿತು' ಎನ್ನುವ ಮಾತೇ ಎಲ್ಲೆಡೆ. ನಮ್ಮ ಕಡೆ ಜಾತ್ರೆಯ ಕೊನೆಯ ದಿನ ಬಳೆ ಅಂಗಡಿಯ ಮುಂದೆ ಕಾಣುವ ಗಡಿಬಿಡಿಯೇ ಅಲ್ಲೂ ಇತ್ತು.

ಒಂದು ಕನ್ನಡ ಚಿತ್ರಕ್ಕೆಂದು ಹೋದರೆ ಸರದಿ ಹನುಮಂತನ ಬಾಲದಂತಿತ್ತು. ತಪ್ಪು ನಮ್ಮದೇ, ಮನೆಯಿಂದ ತಡವಾಗಿ ಹೊರಟಿದ್ದೆವು. ನಮ್ಮ ಪಾಳಿ ಬರುವ ಮುನ್ನ ಸೀಟು ತುಂಬಿತು. ಪಕ್ಕದ ಪರದೆಯ ವಿದೇಶೀ ಚಿತ್ರಕ್ಕೆ ನುಗ್ಗಿದೆವು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದಲು ನನ್ನ ಕಣ್ಣು ಸಾಲದು. ಮಗಳು ಪಿಸುದನಿಯಲ್ಲಿ ಅರ್ಥ ಹೇಳಿದಳು, ಮುಂದಿನವರು ತಿರುಗಿ ನೋಡಿದರು, ಅವಳು ಸುಮ್ಮನಾದಳು. ಆಮೇಲೆ ಮುಖಗಳನ್ನು ನೋಡುತ್ತಾ ಕುಳಿತೆ. ಅರ್ಧ ಕತೆ ಮುಖದಲ್ಲೇ ಸಿಕ್ಕಿತು ಎನ್ನಿ.

ಸಿನಿಮಾ ಎಂದರೆ ಪಾಪ ಎಂದು ನಮ್ಮ ಹಿರಿಯರು ಅನೇಕರು ತಿಳಿದಿದ್ದರು. ಆದರೆ ಧರ್ಮಸಭೆ ಚಿತ್ರರಂಗವನ್ನು ದೂರ ಇಟ್ಟಿರಲಿಲ್ಲ. 1928ರಲ್ಲೇ ಓಸಿಕ್ ಎಂಬ ಅಂತರರಾಷ್ಟ್ರೀಯ ಕಥೋಲಿಕ ಚಲನಚಿತ್ರ ಸಂಘಟನೆ ಹುಟ್ಟಿತು. 2001ರಲ್ಲಿ ಅದು ರೇಡಿಯೋ, ಟಿ.ವಿ. ಸಂಘಟನೆಯೊಡನೆ ಸೇರಿ 'ಸಿಗ್ನಿಸ್' ಆಯಿತು. ಕಾನ್ ಚಿತ್ರೋತ್ಸವದಲ್ಲಿ 1974ರಿಂದ ಕಥೋಲಿಕರೂ ಪ್ರೊಟೆಸ್ಟೆಂಟರೂ ಒಟ್ಟಿಗೆ ಕುಳಿತು ಒಂದು ಪ್ರಶಸ್ತಿ ಕೊಡುತ್ತಾರೆ. ಸಿನಿಮಾಕ್ಕೆ ನೂರು ವರ್ಷವಾದಾಗ, 1995ರಲ್ಲಿ, ವ್ಯಾಟಿಕನ್ 45 ಚಿತ್ರಗಳ ಪಟ್ಟಿ ಹೊರಡಿಸಿತು. ಅದರಲ್ಲಿ ಯೇಸುವಿನ ಚಿತ್ರಗಳಷ್ಟೇ ಇಲ್ಲ, ಇಟಲಿಯ 'ಬೈಸಿಕಲ್ ಥೀವ್ಸ್' ಕೂಡ ಇದೆ. ಕೆಲಸಕ್ಕೆ ಬೇಕಾದ ಒಂದೇ ಸೈಕಲ್ಲನ್ನು ಕಳೆದುಕೊಂಡ ಬಡವ, ಅವನ ಜೊತೆ ಊರೆಲ್ಲ ಹುಡುಕುವ ಪುಟ್ಟ ಮಗ. ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ 1952ರಲ್ಲಿ ಮುಂಬಯಿಯಲ್ಲಿ ಆರಂಭವಾದಾಗ ತೋರಿಸಿದ ಚಿತ್ರಗಳಲ್ಲಿ ಅದೂ ಒಂದು. ಮರುವರ್ಷ ಬಿಮಲ್ ರಾಯ್ ಅವರ 'ದೋ ಬಿಘಾ ಜಮೀನ್' ಬಂತು. ಸಾಲಕ್ಕೆ ಸಿಕ್ಕ ಹೊಲ ಉಳಿಸಿಕೊಳ್ಳಲು ಪಟ್ಟಣಕ್ಕೆ ಹೋಗಿ ರಿಕ್ಷಾ ಎಳೆಯುವ ರೈತನ ಕತೆ. ಬರದ ತಾಲ್ಲೂಕಿನವರಾದ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಕಂಡ ಮೊದಲ ಸಿನಿಮಾ ಜಾತ್ರೆಯ ಡೇರೆಯಲ್ಲಿ. ಲಾರಿಯಲ್ಲಿ ಬರುತ್ತಿದ್ದ ಟೂರಿಂಗ್ ಟಾಕೀಸು, ನೆಲದ ಮೇಲೆ ಕುಳಿತು ನೋಡುವುದು. ಎರಡು ಸಾವಿರ ಅಡಿಯ ಒಂದು ರೀಲು ಸುಮಾರು 20 ನಿಮಿಷ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ ಏಳೆಂಟು ರೀಲು. ತಗಡಿನ ಪೆಟ್ಟಿಗೆಯಲ್ಲಿ ಅವು ಬಂದಿಳಿದರೆ ಹುಡುಗರೆಲ್ಲ ಸುತ್ತ ನೆರೆಯುತ್ತಿದ್ದೆವು. ಜಾತ್ರೆ ಮುಗಿದ ಮರುದಿನ ಅದೇ ಪೆಟ್ಟಿಗೆ, ಅದೇ ಡೇರೆ ಮುಂದಿನ ಊರಿಗೆ ಹೊರಡುತ್ತಿದ್ದವು. ಮಹಾರಾಷ್ಟ್ರದ ಈ ಅಲೆಮಾರಿ ಟಾಕೀಸುಗಳನ್ನೇ ಕುರಿತು ಶರ್ಲಿ ಅಬ್ರಹಾಂ ಮತ್ತು ಅಮಿತ್ ಮಧೇಶಿಯಾ ಮಾಡಿದ 'ದಿ ಸಿನಿಮಾ ಟ್ರಾವೆಲರ್ಸ್' ಎಂಬ ಸಾಕ್ಷ್ಯಚಿತ್ರ 2016ರಲ್ಲಿ ಕಾನ್‌ನಲ್ಲಿ ವಿಶೇಷ ಮನ್ನಣೆ ಪಡೆಯಿತು. ಧೂಳಿನ ಡೇರೆ ಫ್ರಾನ್ಸಿನ ಪರದೆಯನ್ನು ಕಂಡಿತು. ಆ ಹೊತ್ತಿಗೆ ಡೇರೆಗಳೇ ಕಣ್ಮರೆಯಾಗುತ್ತಿದ್ದವು.

ಹೈಸ್ಕೂಲಿನಲ್ಲಿದ್ದಾಗ ಬಿಳಿ ಬಟ್ಟೆ ಕಟ್ಟಿ ತೋರಿಸಿದ 'ದಯಾಸಾಗರ'ವನ್ನೂ ನೋಡಿದ್ದೆ. 1978ರ ತೆಲುಗಿನ 'ಕರುಣಾಮಯುಡು' ಚಿತ್ರದ ಹಿಂದಿ ರೂಪ ಅದು. ಅವ್ವನಿಗೆ ಹಿಂದಿ ಬಾರದು. ಆದರೂ ಶಿಲುಬೆ ಹೊರುವ ದೃಶ್ಯ ಬಂದಾಗ ಸೆರಗು ಕಣ್ಣಿಗೆ ಹೋಗಿತ್ತು. ಗೊತ್ತಿದ್ದ ಕತೆ, ಭಾಷೆ ಬೇಕಾಗಲಿಲ್ಲ.

ಗೊತ್ತಿಲ್ಲದ ಕತೆಗೆ ಭಾಷೆ ಬೇಕು. ನಮ್ಮ ತಾಲ್ಲೂಕಿನ ಪಾಡು ನಿಮಗೆ ತಿಳಿದದ್ದೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಟಿ.ವಿ.ಯಲ್ಲಿ ಕೈಗೆ ಸಿಕ್ಕಿದ್ದು. 2022ರ ನವೆಂಬರಿನಲ್ಲಿ ಗಡಿ ಮಾತು ಎದ್ದಾಗ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಜತ್ತದ ಹೆಸರು ಬಂತು, ನಂತರ ಹೋಯಿತು. ಕನ್ನಡ ಸಿನಿಮಾ ನೋಡಬೇಕೆಂದರೆ ನಮ್ಮ ಮನೆಯವರು ಈಗಲೂ ವಿಜಯಪುರದ ಬಸ್ಸನ್ನೇ ಹತ್ತುವುದು.

ಆ ಶುಕ್ರವಾರ ಸರದಿಯಲ್ಲಿ ನಮ್ಮ ಹಿಂದೆ ನಿಂತಿದ್ದ ಒಬ್ಬ ಹುಡುಗ ಚಿತ್ರಮಂದಿರದ ಯಂತ್ರದ ಕೆಲಸ ಬಲ್ಲವನು. "ಉತ್ಸವ ಮುಗಿದ ಮೇಲೆ ಈ ಪೆಟ್ಟಿಗೆಗಳು ಎಲ್ಲಿಗೆ ಹೋಗ್ತಾವಪ್ಪಾ?" ಎಂದು ಕೇಳಿದೆ. ಅವನು ನಕ್ಕ. ಈಗ ರೀಲಿಲ್ಲ, ಹಾರ್ಡ್ ಡಿಸ್ಕ್. ಅದು ಬೀಗ ಹಾಕಿದ ಪೆಟ್ಟಿಗೆಯ ಹಾಗೆ. ತೆರೆಯಲು ಬೇರೆಯಾಗಿ ಒಂದು ಡಿಜಿಟಲ್ ಕೀಲಿ ಕಳಿಸುತ್ತಾರೆ. ಯಾವ ಯಂತ್ರದಲ್ಲಿ, ಯಾವ ದಿನ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬುದು ಆ ಕೀಲಿಯಲ್ಲೇ ಇರುತ್ತದೆ. ಅವಧಿ ದಾಟಿತೆಂದರೆ ಡಿಸ್ಕು ಅಲ್ಲೇ ಇದ್ದರೂ ಪರದೆ ಕತ್ತಲು.

ಕಳ್ಳ ಪ್ರತಿ ತಡೆಯಲು ಇದು ಬೇಕು, ಒಪ್ಪುತ್ತೇನೆ. ಆದರೂ ಡೇರೆಯ ಪೆಟ್ಟಿಗೆ ನೆನಪಾಯಿತು. ಅದು ಮುಂದಿನ ಊರಿಗೆ ಹೋಗುತ್ತಿತ್ತಲ್ಲ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. 2024ರ ಜೂನ್‌ನಲ್ಲಿ ಮಗಳ ಮನೆಯಲ್ಲಿದ್ದಾಗ ಥಿಯೇಟರಿನಲ್ಲಿ 'ಶಿವಮ್ಮ' ನೋಡಿದ್ದೆ. ಜೈಶಂಕರ್ ಆರ್ಯರ್ ನಿರ್ದೇಶನ, ರಿಷಬ್ ಶೆಟ್ಟಿ ನಿರ್ಮಾಣ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಊರವರನ್ನೇ ಹಾಕಿಕೊಂಡು ತೆಗೆದದ್ದು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು, ಕಾಯಿಲೆಯ ಗಂಡ, ಮೈಮೇಲೆ ಸಾಲ. ಶಕ್ತಿ ಕೊಡುವ ಪೇಯವೆಂದು ಒಬ್ಬರಿಂದೊಬ್ಬರಿಗೆ ಮಾರುವ ವ್ಯಾಪಾರಕ್ಕೆ ಕೂಡಿಟ್ಟ ಹಣ ಸುರಿಯುತ್ತಾಳೆ. ನಮ್ಮ ಕಡೆ ಅಂಥ ವ್ಯಾಪಾರಕ್ಕೆ ಹಣ ಹಾಕಿ ಕೈಸುಟ್ಟುಕೊಂಡವರು ಎಷ್ಟಿಲ್ಲ! ಆ ಚಿತ್ರದ ಮಾತು ಬೆಂಗಳೂರಿನ ಮಾತಲ್ಲ, ನಮ್ಮ ಓಣಿಯ ಮಾತು. 2022ರಲ್ಲಿ ಅದಕ್ಕೆ ದಕ್ಷಿಣ ಕೊರಿಯದ ಬುಸಾನ್ ಚಿತ್ರೋತ್ಸವದ 'ನ್ಯೂ ಕರೆಂಟ್ಸ್' ಪ್ರಶಸ್ತಿ ಬಂತು. ಬುಸಾನ್ ಮುಟ್ಟಿದ ಚಿತ್ರವನ್ನು ನಮ್ಮ ಊರಿನಲ್ಲಿ ನೋಡಿದವರು ಯಾರೂ ನನಗೆ ಸಿಕ್ಕಿಲ್ಲ.

ಉತ್ಸವ ಊರು ಬಿಟ್ಟು ಹೋಗುವುದು ಅಸಾಧ್ಯವೇನಲ್ಲ. 2016ರಲ್ಲಿ 8ನೆಯ ಉತ್ಸವ ಬೆಂಗಳೂರಿನ ಜೊತೆಗೆ ಮೈಸೂರಿನಲ್ಲೂ ನಡೆಯಿತು. ಅರಮನೆಯ ಊರಿಗೆ ಹೋದದ್ದು ಗೋಳಗುಮ್ಮಟದ ಊರಿಗೂ ಬರಬಹುದು. ನಾಲ್ಕೇ ಚಿತ್ರ, ಒಂದು ಶನಿವಾರ, ಒಂದು ಭಾನುವಾರ ಸಾಕು. ನಮ್ಮ ಧರ್ಮಕೇಂದ್ರಗಳಲ್ಲೂ ಸಭಾಂಗಣವಿದೆ, ಪ್ರೊಜೆಕ್ಟರ್ ಇದೆ. ಚಿತ್ರ ಮಾಡಿದವರಿಗೆ ಪತ್ರ ಬರೆದು, ಅನುಮತಿ ಪಡೆದು, ಕೊಡಬೇಕಾದ್ದನ್ನು ಕೊಟ್ಟು ತೋರಿಸಬಹುದು. ಪೆನ್ ಡ್ರೈವಿನಲ್ಲಿ ಯಾರೋ ಕೊಟ್ಟ ಕದ್ದ ಪ್ರತಿ ಮಾತ್ರ ಬೇಡ. ನಮ್ಮ ಗುರುಗಳ ಮುಂದೆ ಈ ಮಾತು ಇಟ್ಟಿದ್ದೇನೆ, "ಪತ್ರ ನೀವೇ ಬರೆಯಿರಿ" ಎಂದಿದ್ದಾರೆ.

ಶನಿವಾರ ಸಮಾರೋಪ. ಜೀವಮಾನ ಸಾಧನೆಯ ಪ್ರಶಸ್ತಿ ನಟಿ ಶಬಾನಾ ಆಜ್ಮಿ ಅವರಿಗೆ. ಅವರು ಎಂ.ಎಸ್. ಸತ್ಯು ಅವರ 'ಕನ್ನೇಶ್ವರ ರಾಮ' ಎಂಬ ಕನ್ನಡ ಚಿತ್ರದಲ್ಲೂ ನಟಿಸಿದ್ದರೆಂದು ಮಗಳಿಗೆ ಹೇಳಿದರೆ ಅವಳು ನಂಬಲಿಲ್ಲ, ಮೊಬೈಲಿನಲ್ಲಿ ಹುಡುಕಿ ನೋಡಿದ ಮೇಲೆ ನಂಬಿದಳು. ಸಮಾರಂಭಕ್ಕೆ ನಾವು ಹೋಗಲಿಲ್ಲ. ನನಗೆ ರಾತ್ರಿಯ ಬಸ್ಸಿತ್ತು.

ಊರಿಗೆ ಬಂದ ಮೇಲೆ ಅವ್ವನಿಗೆ ಉತ್ಸವದ ಸುದ್ದಿ ಹೇಳಿದೆ. ದೊಡ್ಡ ಕಟ್ಟಡ, ಜನ, ಇಂಗ್ಲಿಷ್ ಅಕ್ಷರ ಯಾವುದೂ ಅವಳಿಗೆ ಹಿಡಿಸಲಿಲ್ಲ. ಮಾತಿಗೆ ಮಾತು ಬಂದು ಶಿವಮ್ಮನ ಕತೆ ಎತ್ತಿದೆ. ಕಾಳು ಆರಿಸುವ ಕೈ ನಿಂತಿತು.

"ಆಕಿ ಕೊಟ್ಟ ರೊಕ್ಕ ತಿರುಗಿ ಬಂತೇನೋ?"

"ಅದನ್ನ ನಾ ಹೇಳಂಗಿಲ್ಲವ್ವಾ, ನೀನೇ ನೋಡಬೇಕು."

"ಎಲ್ಲಿ ನೋಡ್ಲಿ?" ಎಂದು ಕೇಳಿದಳು.